ಹುಳ ಹತ್ತದ ಸರಕು

ಇದನ್ನು ಬರೆಯಬೇಕು ಎಂದುಕೊಂಡು ಬಹಳ ವರ್ಷಗಳಾದವು. ಮೊದಲು ಅಂಗಡಿಯ ಕೆಲಸ ಹಗುರಾಗಲಿ ಎಂದೆ. ಆಮೇಲೆ ಮಗಳ ಮದುವೆ ಮುಗಿಯಲಿ ಎಂದೆ. ಅಂಗಡಿ ಮುಚ್ಚಿದ ಮೇಲೆ, ಕನ್ನಡಕದ ನಂಬರು ಬದಲಾಗಿದೆ, ಹೊಸದು ಬರಲಿ ಎಂದೆ. ಈಗ ಹೊಸ ಕನ್ನಡಕ ಮೂಗಿನ ಮೇಲೆ ಕುಳಿತಿದೆ. ನೆಪಗಳೆಲ್ಲ ಮುಗಿದಿವೆ.

ನಾನು ಮ್ಯಾಟ್ರಿಕ್‌ವರೆಗೆ ಓದಿದವನು. ಬೇರೆಯವರು ಬರೆದದ್ದನ್ನು ಅಚ್ಚಿಗೆ ಸಿದ್ಧಮಾಡಿ ಹೊಟ್ಟೆ ಹೊರೆದವನು. ನನ್ನದೇ ಎಂದು ಬರೆಯುತ್ತಿರುವುದು ಇದೇ ಮೊದಲು. ಇದು ನಾನು ಕ್ಷಮೆ ಕೇಳಬೇಕಾಗಿದ್ದ ಒಬ್ಬರ ವಿಷಯ. ಅವರ ಹೆಸರನ್ನು ಕೊನೆಯಲ್ಲಿ ಬರೆಯಬೇಕು ಎಂದುಕೊಂಡಿದ್ದೇನೆ.

ತೊಂಬತ್ತರ ದಶಕದ ನಡುವಿನ ಮಾತು. ಜೇವರ್ಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನ ಡಿಟಿಪಿ ಅಂಗಡಿ ಇತ್ತು. ಲಗ್ನಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ, ಉರುಸಿನ ಪೋಸ್ಟರು, ಸೊಸೈಟಿಯ ನೋಟೀಸು, ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ ಹುಟ್ಟಬೇಕಿತ್ತು. ಜನ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದರು. ಕೆಲಸ ಇಲ್ಲದಾಗ ಹೆಂಡತಿ ಹೊಲಿದುಕೊಟ್ಟ ಮುಸುಕನ್ನು ಕಂಪ್ಯೂಟರಿಗೆ ಹೊದಿಸುತ್ತಿದ್ದೆ. ಅದು ‘ಫೋರ್ ಏಯ್ಟಿ ಸಿಕ್ಸ್’ ಎಂಬ ಜಾತಿಯದು. ಒಳಗಿನ ಪ್ರೊಸೆಸರ್, ಅಂದರೆ ಲೆಕ್ಕವನ್ನೆಲ್ಲ ಮಾಡುವ ಚಿಪ್ಪು, ಆ ಜಾತಿಯಲ್ಲೇ ಎಲ್ಲಕ್ಕಿಂತ ನಿಧಾನದ್ದು. ಕೊಂಡಾಗ ಅದು ನಿಧಾನ ಎಂದು ನನಗೆ ಗೊತ್ತಿರಲಿಲ್ಲ. ಇನ್ನೊಂದನ್ನು ನೋಡಿರಲಿಲ್ಲ.

ಲಗ್ನಪತ್ರಿಕೆಗೆ ಅದು ಸಾಕಾಗುತ್ತಿತ್ತು. ಆದರೆ ಪುಟದಲ್ಲಿ ಗೆರೆ ಎಳೆದು ಕಾಲಂ ಮಾಡಿದರೆ ತೊಂದರೆ ಶುರು. ಒಂದು ಅಕ್ಷರ ತಿದ್ದಿದರೆ ಪರದೆ ಪೂರ್ತಿ ಬೆಳ್ಳಗಾಗಿ, ಮತ್ತೆ ಮೇಲಿನಿಂದ ಒಂದೊಂದೇ ಸಾಲಾಗಿ ಅಕ್ಷರಗಳು ಮೂಡುತ್ತಿದ್ದವು. ಅಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಆ ಕಾಲದಲ್ಲಿ ನಮಗೆ ಕರೆಂಟು ಬರುವುದೇ ಬೆಳಿಗ್ಗೆ ಸ್ವಲ್ಪ ಹೊತ್ತು, ಮಧ್ಯಾಹ್ನ ಸ್ವಲ್ಪ ಹೊತ್ತು. ಯುಪಿಎಸ್ ಕಿರ್ ಕಿರ್ ಎಂದು ಕೂಗುತ್ತಿದ್ದಾಗ, ಸೇವ್ ಆಗಲಿ ಎಂದು ಮುಷ್ಟಿ ಬಿಗಿಹಿಡಿದು ಕುಳಿತ ಮಧ್ಯಾಹ್ನಗಳು ಇವತ್ತಿಗೂ ಕನಸಿನಲ್ಲಿ ಬರುತ್ತವೆ.

ಇಂಥ ಒಂದು ಮಧ್ಯಾಹ್ನ ಅವರು ಬಂದರು. ಸರ್ಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದವರು. ಅಫಜಲಪುರದ ಕಡೆ ಮಣ್ಣೂರ, ಗೊಬ್ಬೂರ, ಆಮೇಲೆ ನಮ್ಮ ಯಡ್ರಾಮಿ, ಹೀಗೆ ಹಳ್ಳಿಯಿಂದ ಹಳ್ಳಿಗೆ ತಿರುಗಿ, ಜೇವರ್ಗಿಯಲ್ಲಿ ನಿವೃತ್ತರಾಗಿ ಅಲ್ಲೇ ಉಳಿದವರು. ಊರಿನವರೆಲ್ಲ ‘ಅಕ್ಕಾರು’ ಎನ್ನುತ್ತಿದ್ದರು. ನನ್ನ ಮಗಳನ್ನು ಮೊದಲು ಎತ್ತಿಕೊಂಡ ಕೈ ಅವರದೇ.

ಕಂಕುಳಲ್ಲಿ ಒಂದು ಸೀರೆಯ ಡಬ್ಬಿ ಇತ್ತು. ಮೇಜಿನ ಮೇಲೆ ಇಟ್ಟು ಮುಚ್ಚಳ ತೆಗೆದರು. ಒಳಗೆ ಔಷಧದ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಚಪ್ಪಟೆ ಮಾಡಿ, ಹಿಂದಿನ ಖಾಲಿ ಭಾಗದಲ್ಲಿ ಬರೆದ ತುಂಡುಗಳು. ಸಂದಿ ಇಲ್ಲದಷ್ಟು ತುಂಬಿದ್ದವು.

“ಏನ್ರಿ ಅಕ್ಕಾರ, ದವಾಖಾನಿ ಎಲ್ಲಾ ಹೊತ್ಗೊಂಡು ಬಂದೀರಿ?” ಎಂದೆ.

“ದವಾಖಾನಿ ಅಲ್ಲೋ ತಮ್ಮಾ, ಮಂದಿ ಬ್ಯಾನಿ ತಂದೇನಿ,” ಎಂದು ನಕ್ಕರು.

ವಿಷಯ ಹೀಗಿತ್ತು. ನಮ್ಮ ಭಾಗಕ್ಕೆ ಡಾಕ್ಟರುಗಳು ಬರುತ್ತಿದ್ದುದು ಮೈಸೂರು ಕಡೆಯಿಂದ. ಒಳ್ಳೆಯ ಹುಡುಗರೇ. ಆದರೆ ಇಲ್ಲಿಯವರು ಬೇನೆ ಹೇಳಿಕೊಳ್ಳುವ ಮಾತು ಅವರಿಗೆ ತಿಳಿಯುತ್ತಿರಲಿಲ್ಲ. ಗೊಬ್ಬೂರಿನಲ್ಲಿ ಒಬ್ಬ ಹೆಣ್ಣುಮಗಳು “ಜೀವ ಕಸಿವಿಸಿ ಆಗಾಕತ್ತಾದ್ರಿ” ಎಂದರೆ, ಆಗಿನ ಡಾಕ್ಟರು ನಿದ್ದೆಯ ಗುಳಿಗೆ ಬರೆದುಕೊಟ್ಟರಂತೆ. ಅವಳಿಗೆ ಒಳಗೆ ರಕ್ತ ಹೋಗುತ್ತಿತ್ತು. ಅಕ್ಕಾರು ಹಟ ಹಿಡಿದು ಜೀಪು ತರಿಸಿ ಗುಲಬರ್ಗಾಕ್ಕೆ ಸಾಗಿಸಿದ್ದರಿಂದ ಬದುಕಿದಳು. ಅವತ್ತಿನಿಂದ ಅವರು ಬರೆದಿಡಲು ಶುರುಮಾಡಿದ್ದರು. ನಡಾ ಹಿಡಿಯುವುದು, ಹೊಟ್ಟೆ ತೊಳಸುವುದು, ಎದೆ ಧಸಕ್ ಎನ್ನುವುದು, ಮುಸಲ್ಮಾನ ಹೆಣ್ಣುಮಕ್ಕಳು ಹೇಳುವ ‘ಘಬರಾಟ್’. ಮೂರು ಕಾಲಂ ಬೇಕು: ಮಂದಿ ಹೇಳುವ ಮಾತು, ಅದರ ಅರ್ಥ, ಡಾಕ್ಟರು ಮುಂದೆ ಏನು ಕೇಳಬೇಕು ಎಂಬುದು. ಅಂಗಿಯ ಕಿಸೆಯಲ್ಲಿ ಹಿಡಿಯುವಂಥ ಸಣ್ಣ ಪುಸ್ತಕ ಆಗಬೇಕು.

“ಇದನ್ನ ತಿದ್ದಾವ್ರು ಬ್ಯಾರೆ ಯಾರೂ ಇಲ್ಲ ತಮ್ಮಾ. ಸಾಲಿ ಮಾಸ್ತರಗ ಕೊಟ್ರ ಶುದ್ಧ ಕನ್ನಡ ಮಾಡಿಬಿಡ್ತಾನ. ನಾನs ಓದಿ ನಾನs ತಿದ್ದಬೇಕು. ಅದಕ್ಕ ಸ್ವಲ್ಪ ಅವಸರ ಅದ.”

“ಎದಕ್ರಿ ಅವಸರ?”

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಸೋಲಾಪುರದ ಕಣ್ಣಿನ ಡಾಕ್ಟರು ಕಾಚಬಿಂದು ಎಂದಿದ್ದಾರೆ, ಎಂದರು. ಕಣ್ಣಿನ ಒಳಗೆ ಒತ್ತಡ ಏರುವ ರೋಗ. ಹನಿ ಹಾಕಿಕೊಂಡರೆ ತಡವಾಗಬಹುದು, ನಿಲ್ಲುವುದಿಲ್ಲ. ಹೋದ ಬೆಳಕು ತಿರುಗಿ ಬರುವುದಿಲ್ಲ. ಇದನ್ನೆಲ್ಲ ಅವರು ಬೇರೆಯವರ ಕಾಯಿಲೆಯಂತೆ ಹೇಳಿದರು.

ಕೆಲಸವನ್ನು ನಾನು ಒಪ್ಪಿಕೊಂಡೆ. ಮನಸ್ಸಿನಿಂದಲೇ ಒಪ್ಪಿಕೊಂಡೆ. ಮೊದಲ ಪುಟ ಮಾಡಿ ನೋಡಿದೆ. ಮೂರು ಕಾಲಮಿನ ಪುಟವನ್ನು ಆ ಯಂತ್ರ ಎಳೆಯಲಾರದ ಎತ್ತಿನಂತೆ ಎಳೆಯಿತು. ಎರಡು ಸಲ ಕರೆಂಟು ಹೋಗಿ ಮಾಡಿದ್ದೆಲ್ಲ ಅಳಿಸಿಹೋಯಿತು. ಆಗ ನನ್ನ ತಲೆಯಲ್ಲಿ ಆ ವಿಚಾರ ಹೊಕ್ಕಿತು: ಪ್ರೊಸೆಸರ್ ಬದಲಿಸಿದರೆ ಹೇಗೆ?

ಗುಲಬರ್ಗಾದ ಸೂಪರ್ ಮಾರ್ಕೆಟ್ ಹತ್ತಿರ ಕಂಪ್ಯೂಟರಿನ ಬಿಡಿಭಾಗ ಮಾರುವ ಒಬ್ಬ ಮುಸಲ್ಮಾನ ವ್ಯಾಪಾರಿ ಇದ್ದ. ನನ್ನದೇ ವಯಸ್ಸು, ಮಾತಿನಲ್ಲಿ ಚುರುಕು. ಅವನು ಎರಡು ದಾರಿ ಹೇಳಿದ. ಒಂದು, ನನ್ನ ಯಂತ್ರದ ಬೋರ್ಡನ್ನು ಹಾಗೇ ಇಟ್ಟು, ಹಳೆಯ ಚಿಪ್ಪು ತೆಗೆದು ಅದೇ ಜಾತಿಯ ವೇಗದ ಚಿಪ್ಪು ಕೂಡಿಸುವುದು. ಅದು ಇವತ್ತೇ ಆಗುವ ಕೆಲಸ. ಇನ್ನೊಂದು, ಕಾಯುವುದು. ಫೈವ್ ಏಯ್ಟಿ ಸಿಕ್ಸ್ ಎಂಬ ಹೊಸ ಜಾತಿ ಬಂದಿದೆ, ದುಬಾರಿ, ಆದರೆ ಇಳಿಯುತ್ತದೆ. ಇಳಿದಾಗ ಬೋರ್ಡು ಸಮೇತ ಬದಲಿಸುವುದು.

“ಈಗ ಈ ಚಿಪ್ ತಗೊಂಡ್ರ, ನಾಳಿ ಹೊಸಾದು ತಗೊಳ್ಳುವಾಗ ಇದು ದಂಡ ಅಲ್ಲೇನು?” ಎಂದೆ.

“ದಂಡ ಹೌದು.”

“ಕಾಯ್ದ್ರ?”

“ಕಾಯ್ದ್ರ ಸೋವಿ ಆಗ್ತದ.”

“ಮತ್ತ ನೀವೇನಂತೀರಿ?”

“ಅರೆ ಭಾಯ್, ಅಂಗಡಿ ತಗದು ಕೂತಾಂವ್ಗ ಕೇಳಾಕತ್ತೀರಿ! ತಗೋರಿ ಅಂತೇನಿ,” ಎಂದು ನಕ್ಕ.

ಅವನು ಪ್ರಾಮಾಣಿಕನಾಗಿದ್ದ. ಸುಳ್ಳು ಹೇಳಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು.

ಇಲ್ಲಿ ನನ್ನ ಮನೆತನದ ಮಾತು ಹೇಳಬೇಕು. ನಮ್ಮದು ಆಳಂದ. ಅಪ್ಪನದು ಅಲ್ಲಿ ತೊಗರಿಯ ಅಡತಿ ಅಂಗಡಿ. ರೈತರ ಮಾಲನ್ನು ಮಾರಿಸಿಕೊಡುವುದು, ಜೊತೆಗೆ ಸ್ವಂತ ತೊಗರಿಯನ್ನೂ ತುಂಬಿಡುವುದು. ನಾನು ಬೆಳೆದದ್ದು ಚೀಲಗಳ ನಡುವೆ. ಊಟಕ್ಕೆ ಕುಳಿತಾಗ ಮನೆಯಲ್ಲಿ ನಡೆಯುತ್ತಿದ್ದ ಮಾತು ಒಂದೇ, ಇವತ್ತು ಮಾರುವುದೋ, ಇನ್ನೂ ಸ್ವಲ್ಪ ತಡೆಯುವುದೋ. ಇವತ್ತೇ ಮಾರಿದವನನ್ನು ನಮ್ಮಲ್ಲಿ ಜಾಣ ಎನ್ನುತ್ತಿರಲಿಲ್ಲ. ತಡೆದವನೇ ಜಾಣ. ಅಡತಿ ಬಿಟ್ಟು ಕಂಪ್ಯೂಟರ್ ಹಿಡಿದರೂ ಆ ಬುದ್ಧಿ ನನ್ನನ್ನು ಬಿಟ್ಟಿರಲಿಲ್ಲ. ಮನೆಯವರು ತೊಗರಿಗೆ ಏರುವ ದರವನ್ನು ಕಾಯುತ್ತಿದ್ದರು, ನಾನು ಚಿಪ್ಪಿಗೆ ಇಳಿಯುವ ದರವನ್ನು ಕಾಯತೊಡಗಿದೆ.

ಆ ಕಾಯುವಿಕೆ ಕೂತು ಕಾಯುವಂಥದ್ದಾಗಿರಲಿಲ್ಲ. ಅಂಗಡಿಯಲ್ಲಿ ಕುಳಿತರೆ ಕಾಲು ತಾನಾಗಿ ಕುಣಿಯುತ್ತಿತ್ತು. ಎಸ್‌ಟಿಡಿ ಬೂತಿಗೆ ಹೋಗಿ ಗುಲಬರ್ಗಾಕ್ಕೆ ಫೋನು ಹಚ್ಚುತ್ತಿದ್ದೆ. “ಇಳೀತೇನ್ರಿ?” “ಸ್ವಲ್ಪ ಇಳದಾದ.” ಇಳಿದಿದೆ ಎಂದರೆ ಸಂತೋಷ, ಮರುಗಳಿಗೆಯಲ್ಲೇ ಇನ್ನೂ ಇಳಿಯಬಹುದಲ್ಲ ಎಂಬ ತಳಮಳ. ಇಳಿದಿಲ್ಲ ಎಂದರೆ, ನಿನ್ನೆ ಕೊಳ್ಳದೆ ಇದ್ದದ್ದು ಒಳ್ಳೆಯದಾಯಿತು ಎಂಬ ಸಮಾಧಾನ, ಅದೂ ಸಂಜೆಯವರೆಗೆ. ವ್ಯಾಪಾರಿಯ ಅಂಗಡಿಯಲ್ಲಿದ್ದ ಇಂಗ್ಲಿಷ್ ಪತ್ರಿಕೆಗಳಲ್ಲಿ ಅರ್ಥವಾಗದ ಪುಟಗಳನ್ನು ತಿರುವಿ ಬರೀ ದರದ ಪಟ್ಟಿ ಓದುತ್ತಿದ್ದೆ. ಹೆಂಡತಿ ಊಟಕ್ಕೆ ಬಡಿಸಿ, “ಬಾಯಾಗ ತುತ್ತು ಇಟ್ಕೊಂಡು ಎಲ್ಲಿ ನೋಡಾಕತ್ತೀರಿ?” ಎನ್ನುತ್ತಿದ್ದಳು. ನಾನು ಭೀಮೆಯ ಆಚೆ, ಗುಲಬರ್ಗಾದಲ್ಲಿರುತ್ತಿದ್ದೆ.

ಅಕ್ಕಾರು ಹದಿನೈದು ದಿನಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಬರುತ್ತಿದ್ದರು. ಬಂದವರು ಒತ್ತಾಯ ಮಾಡುತ್ತಿರಲಿಲ್ಲ. ಸ್ಟೂಲಿನ ಮೇಲೆ ಕುಳಿತು, ನೀರು ಕೇಳಿ ಕುಡಿದು, “ಎಲ್ಲೀತನಕ ಬಂತು ತಮ್ಮಾ?” ಎನ್ನುತ್ತಿದ್ದರು.

ಮೊದಲ ಸಲ ನಿಜ ಹೇಳಿದೆ. ಯಂತ್ರ ನಿಧಾನ, ಚಿಪ್ಪು ಬದಲಿಸಬೇಕು ಎಂದೆ.

“ನಿಧಾನ ಇದ್ರ ಇರವಲ್ದ್ಯಾಕ,” ಎಂದರು. “ನನಗೇನು ಒಮ್ಮೆಲೆ ಬೇಕಾಗಿಲ್ಲ. ದಿನಕ್ಕ ಒಂದು ಹಾಳಿ ಕೊಡು, ಸಾಕು. ಬೆಳಿಗ್ಗಿ ಬಿಸಲಾಗ ಕೂತು ತಿದ್ತೇನಿ.”

ಈ ಮಾತು ಓದಿದವರಿಗೆ ನನ್ನ ತಪ್ಪು ತಿಳಿದುಹೋಗುತ್ತದೆ. ದಿನಕ್ಕೊಂದು ಪುಟವನ್ನು ಆ ಹಳೆಯ ಯಂತ್ರ ಮಾಡುತ್ತಿತ್ತು. ಕಷ್ಟಪಟ್ಟು, ಪರದೆಯನ್ನು ಬೆಳ್ಳಗೆ ಮಾಡಿಕೊಂಡು, ಆದರೆ ಮಾಡುತ್ತಿತ್ತು. ನನಗೇ ಅದು ಬೇಡವಾಗಿತ್ತು. ವೇಗದ ಚಿಪ್ಪು ಬಂದರೆ ಒಂದು ವಾರದಲ್ಲಿ ಮುಗಿಯುವ ಕೆಲಸಕ್ಕೆ ಈಗ ದಿನಾ ಒದ್ದಾಡುವುದು ದಡ್ಡತನ ಎಂದು ನನ್ನ ಜಾಣತನ ಹೇಳುತ್ತಿತ್ತು.

“ಹಂಗ ಬ್ಯಾಡ್ರಿ ಅಕ್ಕಾರ, ಛಂದ ಮಾಡಿ ಕೊಡ್ತೇನಿ,” ಎಂದೆ. “ಚಿಪ್ ಆರ್ಡರ್ ಮಾಡೇನಿ. ಹೈದರಾಬಾದಿನಿಂದ ಬರಾಕತ್ತಾದ.”

ಆರ್ಡರ್ ಮಾಡಿರಲಿಲ್ಲ. ಸುಳ್ಳು ಅಷ್ಟು ಸಲೀಸಾಗಿ ಬಂತು. ಅವರು ನಂಬಿದರು. ಮುಂದೆ ಬಂದಾಗಲೆಲ್ಲ, “ಹೈದರಾಬಾದದ್ದು ಬಂತೇನು?” ಎಂದು ಕೇಳುತ್ತಿದ್ದರು, ಮನೆಗೆ ಬರಬೇಕಾದ ನೆಂಟನ ಬಗ್ಗೆ ಕೇಳುವ ಹಾಗೆ. ನಾನು ಲಾರಿ ಮುಷ್ಕರ ಎಂದೆ, ಸ್ಟಾಕ್ ಇಲ್ಲ ಎಂದೆ, ಬೇರೆ ಮಾಡೆಲ್ ಬಂತು, ವಾಪಸ್ ಕಳಿಸಿದೆ ಎಂದೆ.

ಆ ನಡುವೆ ಒಂದು ದಿನ ಗುಲಬರ್ಗಾದಲ್ಲಿ ಚಿಪ್ಪು ನನ್ನ ಅಂಗೈ ಮೇಲೆ ಇತ್ತು. ವ್ಯಾಪಾರಿ ತೆಳ್ಳನೆಯ ಸ್ಪಂಜಿನಿಂದ ಬಿಡಿಸಿ ಕೊಟ್ಟ. ಬಿಸ್ಕೀಟಿನಷ್ಟು ಅಗಲ, ಹೊಟ್ಟೆಯ ತುಂಬ ಚಿನ್ನದ ಬಣ್ಣದ ಮೊಳೆಗಳು. ನಾನು ಕಿಸೆಗೆ ಕೈ ಹಾಕಿದೆ. ಅಷ್ಟರಲ್ಲಿ ಯಾರೋ ಗಿರಾಕಿ ಒಳಗೆ ಬಂದು, ಹೊಸ ಜಾತಿಯ ದರ ಬರುವ ತಿಂಗಳು ಬೀಳುತ್ತದಂತೆ ಎಂದ. ನಾನು ಚಿಪ್ಪನ್ನು ಸ್ಪಂಜಿನ ಮೇಲೆ ಇಟ್ಟೆ.

“ಸಾವ್ಕಾರ, ಇದನ್ನ ಎಷ್ಟು ಸಲ ಎತ್ತಿ ಮುದ್ದಾಡಿ ಮಲಗಸ್ತೀರಿ?” ಎಂದ ವ್ಯಾಪಾರಿ. “ಇನ್ನ ಹೆಸರಿಡೂದ ಬಾಕಿ ಉಳದಾದ.” ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಬಸ್ಸಿನಲ್ಲಿ ಬರುವಾಗ ಕಟ್ಟಿಸಂಗಾವಿಯ ಸೇತುವೆಯ ಮೇಲೆ, ಕೆಳಗೆ ಇಳಿದುಹೋದ ನೀರು ನೋಡುತ್ತ, ಇಳಿಸಿಬಿಡಿ, ವಾಪಸು ಹೋಗುತ್ತೇನೆ ಎಂದು ಕಂಡಕ್ಟರನಿಗೆ ಹೇಳಬೇಕು ಅನಿಸಿತು. ಹೇಳಲಿಲ್ಲ.

ಮುಂದಿನ ವಾರ ಆಳಂದಕ್ಕೆ ಹೋದಾಗ ಅಪ್ಪನಿಗೆ ಈ ಸಂಕಟ ಹೇಳಿದೆ. ಅವರು ಗಾದಿಯ ಮೇಲೆ ಒರಗಿ, ಬೆರಳ ಸಂದಿಯಿಂದ ತೊಗರಿಯ ಕಾಳು ಉದುರಿಸುತ್ತ ಕೇಳಿದರು.

“ರೇಟ್ ಏರತದೇನು ಅದರದು?”

“ಇಲ್ಲಪ್ಪ. ಇಳೀತದ.”

“ಯಾವಾಗೂ?”

“ಯಾವಾಗೂ ಇಳೀತದ.”

“ಹೊಸಾ ರಾಶಿ ಬರೂದು ಅಂತ ಹಂಗಾಮು ಅದ ಏನು?”

“ಹೊಸಾದು ಬರ್ತಾನs ಇರ್ತದ.”

“ಹುಳಾ ಹತ್ತತಾವ?”

“ಅದು ಕಲ್ಲಿನಂಗ ಇರ್ತದ, ಹುಳಾ ಎಲ್ಲಿಂದ ಹತ್ಬೇಕು?”

ಅಪ್ಪ ಹೊಟ್ಟೆ ಕುಣಿಯುವ ಹಾಗೆ ನಕ್ಕರು. “ಹಂಗಾದ್ರ ಲೇ, ನೀ ಸಾಯೂತನಕ ಅದನ್ನ ತಗೊಳ್ಳಾಂವ ಅಲ್ಲ ಬಿಡು. ನಾವೇನು ರೇಟ್ ಬಂತಂತ ತೊಗರಿ ಮಾರ್ತೀವೇನು? ರೇಟ್ ಬಂದ್ರ ಇನ್ನೂ ಬರಲಿ ಅಂತ ಕೂಡ್ತೀವಿ. ಹುಳಾ ಹತ್ತತಾವಲ್ಲ, ಅದಕ್ಕ ಮಾರ್ತೀವಿ. ಹುಳಾನs ನಮ್ಗ ಬುದ್ಧಿ ಹೇಳೂದು.”

ನಾನು ಅದನ್ನು ಮುದುಕನ ತಮಾಷೆ ಎಂದುಕೊಂಡೆ. ಹುಳ ಹತ್ತುವುದು ಬೇರೆ ಕಡೆ ನಡೆದಿತ್ತು, ನನಗೆ ಕಾಣಲಿಲ್ಲ. ಕಂಡಿತ್ತು ಅನ್ನುವುದೇ ನಿಜ. ಅಕ್ಕಾರು ಅಂಗಡಿಯ ಮೆಟ್ಟಿಲನ್ನು ಮೊದಲು ಕಾಲಿನಿಂದ ತಡವಿ ಆಮೇಲೆ ಏರುತ್ತಿದ್ದರು. ಒಮ್ಮೆ ನೀರಿನ ಲೋಟವನ್ನು ಅವರ ಎಡಕ್ಕೆ ಇಟ್ಟೆ. ಅದು ಅಲ್ಲಿರುವುದು ಅವರಿಗೆ ಗೊತ್ತಾಗಲಿಲ್ಲ. ನಾನು ಲೋಟವನ್ನು ಮೆಲ್ಲಗೆ ಅವರ ಮುಂದಕ್ಕೆ ಸರಿಸಿ, ಏನೂ ಆಗದವನಂತೆ ಮಾತು ಮುಂದುವರಿಸಿದೆ. ಆ ದಿನ ಸಂಜೆಯೇ ಬೂತಿಗೆ ಹೋಗಿ ಫೋನು ಹಚ್ಚಿದೆ. ದರ ಇಳಿದಿತ್ತು. ಇನ್ನೊಂದು ತಿಂಗಳು ನೋಡೋಣ ಎಂದೆ.

ಕೊನೆಗೆ ನಾನು ಚಿಪ್ಪು ಕೊಂಡದ್ದು ಅವರ ಕಣ್ಣಿಗಾಗಿ ಅಲ್ಲ. ನನ್ನ ಎದುರು ಸಾಲಿನಲ್ಲಿ ಇನ್ನೊಂದು ಡಿಟಿಪಿ ಅಂಗಡಿ ಬಂತು. ಅವನಲ್ಲಿ ಹೊಸ ಯಂತ್ರ. ಲಗ್ನದ ಹಂಗಾಮಿನ ಶುರುವಿಗೇ ನನ್ನ ಹಳೆಯ ಗಿರಾಕಿಯೊಬ್ಬ ತಲೆ ತಗ್ಗಿಸಿಕೊಂಡು ನನ್ನ ಬಾಗಿಲು ದಾಟಿ ಅಲ್ಲಿಗೆ ಹೋದ. ನಾನು ಅದೇ ಬೆಳಿಗ್ಗೆ ಗುಲಬರ್ಗಾದ ಬಸ್ ಹತ್ತಿದೆ. ವರ್ಷಕ್ಕೂ ಮಿಕ್ಕಿ ತೂಗಿದ ವಿಚಾರ ಒಂದು ಕಪ್ ಚಹಾ ಕುಡಿಯುವುದರಲ್ಲಿ ಮುಗಿಯಿತು. ಹೊಸ ಜಾತಿಯದಲ್ಲ, ಬೋರ್ಡು ಬದಲಿಸಲಿಲ್ಲ. ಮೊದಲ ದಿನ ತೋರಿಸಿದ್ದ ಅದೇ ವೇಗದ ಚಿಪ್ಪನ್ನೇ ಕೊಂಡೆ. ವ್ಯಾಪಾರಿ ಈ ಸಲ ತಮಾಷೆ ಮಾಡಲಿಲ್ಲ. ಸುಮ್ಮನೆ ಕಟ್ಟಿಕೊಟ್ಟ.

ಚಿಪ್ಪು ಕೂಡಿಸಿದ ಮೇಲೆ ಮೂರು ಕಾಲಮಿನ ಪುಟ ಕೈ ತೊಳೆದು ಬರುವಷ್ಟರಲ್ಲಿ ಮೂಡಿ ನಿಲ್ಲುತ್ತಿತ್ತು. ಆ ವಾರವೇ ಅಕ್ಕಾರ ರಟ್ಟುಗಳನ್ನು ಟೈಪ್ ಮಾಡಿ, ಅಚ್ಚುಕಟ್ಟಾದ ಪುಟಗಳನ್ನು ತೆಗೆದುಕೊಂಡು ಅವರ ಮನೆಗೆ ಓಡಿದೆ. ಅವರು ಅಂಗಳದಲ್ಲಿ ಬಿಸಿಲಿಗೆ ಕುಳಿತಿದ್ದರು. ಹಾಳೆ ಕೈಗೆ ಕೊಟ್ಟೆ. ಅವರು ಅದನ್ನು ಅತ್ತ ಸರಿಸಿದರು, ಇತ್ತ ಸರಿಸಿದರು, ಕಿಂಡಿಯಿಂದ ಬೀದಿ ನೋಡುವವರ ಹಾಗೆ ಒಂದು ಅಕ್ಷರ ಹಿಡಿದರು. ಮುಂದಿನ ಅಕ್ಷರ ಹುಡುಕುವಷ್ಟರಲ್ಲಿ ಹಿಂದಿನದು ತಪ್ಪಿಹೋಯಿತು. ಬಹಳ ಹೊತ್ತಿನ ಮೇಲೆ ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

“ಅಕ್ಷರ ಛಂದ ಬಂದಾವ ತಮ್ಮಾ,” ಎಂದರು. ಆಮೇಲೆ, “ಒಂದು ಕೆಲಸ ಮಾಡು. ನೀ ಓದು, ನಾ ಹೇಳ್ತೇನಿ. ದಿನಾ ಬೆಳಿಗ್ಗಿ ಒಂದು ತಾಸು ಬಾ, ಸಾಕು.”

ಓದಿದೆ. ಪ್ರತಿ ಸಾಲಿಗೂ ತಡೆದರು. “ಹಂಗಲ್ಲೋ. ಅದು ‘ಎದೆ ನೋವು’ ಅಲ್ಲ, ‘ಎದ್ಯಾಗ ಕಟ್ಟಿದಂಗ’. ಎರಡೂ ಬ್ಯಾರೆ. ಒಂದಕ್ಕ ಗುಳಿಗಿ, ಇನ್ನೊಂದಕ್ಕ ಗಾಡಿ ತರಸಬೇಕು.” ಟೈಪ್ ಮಾಡುವ ಅವಸರದಲ್ಲಿ ನಾನೇ ಆ ಸಾಲಿ ಮಾಸ್ತರನಾಗಿದ್ದೆ, ಎಲ್ಲವನ್ನೂ ಶುದ್ಧ ಮಾಡಿಬಿಟ್ಟಿದ್ದೆ.

ಕೆಲವು ಬೆಳಿಗ್ಗೆ ಹೋದೆ. ಲಗ್ನದ ಹಂಗಾಮು ಏರಿತು. ಹೊಸ ವೇಗಕ್ಕೆ ಹೊಸ ಗಿರಾಕಿಗಳು ಬಂದರು. ಕರೆಂಟು ಬರುವುದೂ ಅದೇ ಬೆಳಗಿನ ಹೊತ್ತು. ನಾಳೆ ಬರುತ್ತೇನೆ ಎಂದು ಹೇಳಿಕಳಿಸಿದೆ. ಮರುದಿನವೂ ನಾಳೆ ಎಂದೆ. ನಿಧಾನದ ಯಂತ್ರ ಇದ್ದಾಗ ಯಂತ್ರದ ನೆಪ ಇತ್ತು, ವೇಗದ್ದು ಬಂದ ಮೇಲೆ ಪುರುಸೊತ್ತಿಲ್ಲದ ನೆಪ. ಪಕ್ಕದ ಮನೆಯ ಹೆಣ್ಣುಮಗಳನ್ನು ಎರಡು ಸಲ ಕಳಿಸಿದರು. ಮೂರನೆಯ ಸಲ ಅವಳು ಬಂದು, “ಡಬ್ಬಿ ಕೊಟ್ಟು ಕಳಸಬೇಕಂತ, ಅಕ್ಕಾರು ಅಂದಾರ” ಎಂದಳು. ಕೊಡುತ್ತೇನೆ ಎಂದೆ. ಅಂದೇ ಸಂಜೆ ಒಬ್ಬ ಆಟೋದವನ ಕೈಯಲ್ಲಿ ಆ ಸೀರೆಯ ಡಬ್ಬಿಯನ್ನು ಕೊಟ್ಟು ಕಳಿಸಿದೆ. ಅವರ ಮನೆ ನನ್ನ ಅಂಗಡಿಯಿಂದ ಕೂಗಿದರೆ ಕೇಳುವಷ್ಟು ದೂರ.

ಪುಸ್ತಕ ಆಗಲಿಲ್ಲ. ಮೈಸೂರು ಕಡೆಯ ಡಾಕ್ಟರುಗಳು ಬರುತ್ತಲೇ ಇದ್ದರು.

ಹೆಸರು ಬರೆಯಬೇಕೆಂದಿದ್ದ ಜಾಗ ಇದು. ಕೈ ನಿಂತಿದೆ. ಹೆಸರು ಬರೆದರೆ ಕ್ಷಮೆ ಕೇಳಿದಂತೆ ಕಾಣುತ್ತದೆ, ನಾನು ಕೇಳಿಲ್ಲ. ಕೇಳುವ ಅವಕಾಶ ಒಂದು ಸಿಕ್ಕಿತ್ತು. ಅದನ್ನೇ ಬರೆದು ನಿಲ್ಲಿಸುತ್ತೇನೆ.

ಒಂದೆರಡು ವರ್ಷದ ಮೇಲೆ ಜೇವರ್ಗಿಯ ಬಸ್ ನಿಲ್ದಾಣದಲ್ಲಿ ಕಲ್ಲು ಬೆಂಚಿನ ಮೇಲೆ ಕುಳಿತಿದ್ದೆ. ಅವರು ಕೋಲು ತಡವುತ್ತ ಬಂದು ಅದೇ ಬೆಂಚಿನ ಇನ್ನೊಂದು ತುದಿಗೆ ಕುಳಿತರು. ಜೊತೆಗೆ ಯಾರೂ ಇರಲಿಲ್ಲ. ಪಕ್ಕದಲ್ಲಿ ಯಾರೋ ಇದ್ದಾರೆ ಎಂದು ಅವರಿಗೆ ತಿಳಿಯಿತು. ಯಾರೆಂದು ತಿಳಿಯಲಿಲ್ಲ. ನಾನು ಉಸಿರು ಹಿಡಿದು ಕುಳಿತೆ. ಒಂದು ಮಾತು ಆಡಿದರೆ ಸಾಕು, ಅವರು ದನಿ ಗುರುತಿಸುತ್ತಿದ್ದರು.

ಒಂದು ಬಸ್ ಬಂದು ನಮ್ಮ ಎದುರೇ ನಿಂತಿತು. ಬೋರ್ಡು ನನಗೆ ಚೆನ್ನಾಗಿ ಕಾಣುತ್ತಿತ್ತು.

“ಯಾರ್ರೀ ಬಾಜೂಕ?” ಎಂದರು. “ಅಫಜಲಪುರದ್ದು ಬಂತೇನ್ರಿ? ಸ್ವಲ್ಪ ನೋಡಿ ಹೇಳ್ರಿ.”

ನಾನು ಎದ್ದೆ. ಚಪ್ಪಲಿಯ ಸಪ್ಪಳವಾಗದಂತೆ ನಡೆದು ಕ್ಯಾಂಟೀನಿನ ಕಂಬದ ಮರೆಗೆ ನಿಂತೆ. ಕಂಡಕ್ಟರ್ ಸೀಟಿ ಊದಿದ. ಬಸ್ ಹೊರಟಿತು. ಅದು ಅಫಜಲಪುರದ್ದೇ ಆಗಿತ್ತು.

ಅವರು ನಾನು ಕುಳಿತಿದ್ದ ಕಡೆಗೆ ಮುಖ ಮಾಡಿ, ಉತ್ತರ ಬರುತ್ತದೆ ಎಂದು ಇನ್ನೂ ಕಾಯುತ್ತಿದ್ದರು.